ಜಪ್ತಿಯ ಹೊಲವೂ ಸುಡಾನದ ಕಲ್ಲೆಣ್ಣೆಯೂ

ಸವಣೂರಿನ ದೊಡ್ಡಹುಣಸೆಯ ಮರಗಳನ್ನು ನೋಡದಿರುವ ವಾಚಕರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ವಿರಳರೆಂದೇ ಹೇಳಬೇಕು. ಆ ಮರಗಳು ನಮ್ಮ ನಾಡಿನವಲ್ಲ. ಅವುಗಳ ತವರು ಆಫ್ರಿಕಾ ಖಂಡವು. ಸುಡಾನ ದೇಶದ ಕೊರ್ದೊಫಾನ ಪ್ರಾಂತದಲ್ಲಿ ಇದೇ ಜಾತಿಯ ಮರಕ್ಕೆ ತೆಬೆಲ್ದಿ ಎಂದು ಹೆಸರು. ಅಲ್ಲಿಯ ಬಡವರು ಅದರ ಪೊಳ್ಳು ಬೊಡ್ಡೆಯಲ್ಲಿ ಮಳೆಯ ನೀರನ್ನು ಕೂಡಿಟ್ಟು ಬೇಸಿಗೆಯನ್ನು ಕಳೆಯುತ್ತ ಬಂದಿರುವರು. ಸವಣೂರಿಗೆ ಈ ಮರಗಳು ಯಾವ ಕಾಲದಲ್ಲಿ, ಯಾರ ಕೈಯಿಂದ ಬಂದವೆಂಬದಕ್ಕೆ ಕತೆಗಳುಂಟೇ ಹೊರತು ಕಾಗದಪತ್ರಗಳಿಲ್ಲ. ಆದರೆ ಅದೇ ಸುಡಾನದಿಂದ ಕನ್ನಡನಾಡಿಗೆ ಬಂದ ಇನ್ನೊಂದು ವಸ್ತುವಿಗೆ ಕಾಗದಪತ್ರಗಳಿವೆ, ಕ್ರಯವಿದೆ, ತಾರೀಖೂ ಇದೆ. ಆ ವಸ್ತುವು ಕಲ್ಲೆಣ್ಣೆಯು. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಾವು ಬಹುದಿನದಿಂದ ಎಣಿಸಿದ್ದೆವು.

2003ನೆಯ ಇಸವಿಯ ಮಾರ್ಚ ತಿಂಗಳಲ್ಲಿ ಭಾರತ ಸರಕಾರದ ಒಡೆತನಕ್ಕೆ ಸೇರಿದ ಓ.ಎನ್.ಜಿ.ಸಿ. ವಿದೇಶ ಎಂಬ ಕಂಪನಿಯು, ಕೆನಡಾ ದೇಶದ ಟ್ಯಾಲಿಸ್ಮನ್ ಕಂಪನಿಯಿಂದ, ಸುಡಾನದ ಗ್ರೇಟರ್ ನೈಲ್ ತೈಲೋದ್ಯಮದಲ್ಲಿ ನೂರಕ್ಕೆ 25ರ ಪಾಲನ್ನು 70 ಕೋಟಿ ಡಾಲರಿಗೂ ಮೇಲ್ಪಟ್ಟ ಹಣ ಕೊಟ್ಟು ಕೊಂಡಿತು. ಉಳಿದ ಪಾಲುಗಾರರು ಚೀನದ ಸರಕಾರಿ ಕಂಪನಿ, ಮಲೇಶಿಯದ ಸರಕಾರಿ ಕಂಪನಿ ಮತ್ತು ಸುಡಾನದ ಸರಕಾರಿ ಕಂಪನಿ. ಅದೇ ಮಾರ್ಚ ತಿಂಗಳಲ್ಲಿ ತಾಯಿಕಂಪನಿಯಾದ ಓ.ಎನ್.ಜಿ.ಸಿ.ಯು ಮಂಗಳೂರಿನ ತೈಲ ಶುದ್ಧೀಕರಣದ ಕಾರಖಾನೆಯಲ್ಲಿ ಬಿರ್ಲಾ ಮನೆತನದವರಿಗಿದ್ದ ಪಾಲನ್ನು ಖರೀದಿಸಿತು. ಮುಂದೆ ಎರಡೇ ತಿಂಗಳಿಗೆ, ಮೇ ತಿಂಗಳಲ್ಲಿ, ಸುಡಾನದ ಎಣ್ಣೆಯ ಮೊದಲ ಹಡಗು ಮಂಗಳೂರಿಗೆ ಬಂದು ಮುಟ್ಟಿತು. ಹೀಗೆ ಕನ್ನಡ ಕರಾವಳಿಯಲ್ಲಿಯೇ ಆ ಎಣ್ಣೆಯು ಕಾದು, ಪೆಟ್ರೋಲು, ಡೀಸೆಲ್ಲು, ಚಿಮಣಿ ಎಣ್ಣೆಗಳಾಗಿ ಬೇರ್ಪಟ್ಟಿತು. ಶಿಗ್ಗಾಂವಿಯ ಹೆದ್ದಾರಿಯ ಪಂಪಿನಲ್ಲಿ ತುಂಬಿಸಿಕೊಳ್ಳುವ ಲಾರಿಗಾಗಲಿ, ಹಿರೇಕೆರೂರಿನ ಗೋವಿನಜೋಳದ ಹೊಲವನ್ನು ಉಳುವ ಟ್ರ್ಯಾಕ್ಟರಿಗಾಗಲಿ ಯಾವ ಹನಿಯು ಯಾವ ದೇಶದ್ದೆಂದು ಯಾರೂ ಹೇಳಲಾರರು. ಹೇಳಲಾಗದಂತೆ ಬೆರೆತುಹೋಗುವದೇ ಈ ವ್ಯಾಪಾರದ ಗುಣವು.

ಹಾಗಾದರೆ ಆ ಹನಿಯು ಹೊರಟ ನೆಲದಲ್ಲಿ ಏನು ನಡೆದಿತ್ತು?

ಸುಡಾನದ ದಕ್ಷಿಣಭಾಗದ ಬೆಂತಿಯು ಎಂಬ ಊರಿನ ಸುತ್ತಲಿನ ಭೂಮಿಯಲ್ಲಿ ಅಮೇರಿಕದ ಶೆವ್ರಾನ್ ಕಂಪನಿಯವರು 1970ರ ದಶಕದ ಕೊನೆಗೆ ಎಣ್ಣೆಯನ್ನು ಕಂಡುಹಿಡಿದರು. ಆ ಭೂಮಿಯು ನುಯರ್ ಮತ್ತು ದಿಂಕಾ ಎಂಬ ದನಗಾಹಿ ಜನಾಂಗಗಳದು. 1983ರಲ್ಲಿ ಉತ್ತರದ ಸರಕಾರಕ್ಕೂ ದಕ್ಷಿಣದವರಿಗೂ ಮತ್ತೆ ಅಂತರ್ಯುದ್ಧವು ಹೊತ್ತಿತು. 1984ರಲ್ಲಿ ತಮ್ಮ ಕೆಲಸಗಾರರು ಕೊಲೆಗೀಡಾದ ಮೇಲೆ ಶೆವ್ರಾನಿನವರು ಕೆಲಸವನ್ನು ನಿಲ್ಲಿಸಿ, ಕೆಲವು ವರ್ಷಗಳ ತರುವಾಯ ಹೊರಟೇಹೋದರು. 1999ರ ಅಗಸ್ಟ ತಿಂಗಳಲ್ಲಿ 1,500 ಕಿಲೋಮೀಟರಿಗೂ ಉದ್ದವಾದ ಕೊಳವೆಯ ದಾರಿಯು ಕೆಂಪು ಸಮುದ್ರದ ಬಂದರವನ್ನು ಮುಟ್ಟಿತು. ಅಂದಿನಿಂದ ಎಣ್ಣೆಯ ಹಣವು ಖಾರ್ತೂಮಿನ ಸರಕಾರಕ್ಕೆ ಹರಿಯಿತು. ಆ ಹಣದಿಂದ ಶಸ್ತ್ರಾಸ್ತ್ರಗಳು ಬಂದವು. ಶಸ್ತ್ರಾಸ್ತ್ರಗಳಿಂದ ಎಣ್ಣೆಯ ಭೂಮಿಯ ಮೇಲಿನ ಹಳ್ಳಿಗಳು ತೆರವಾದವು. ಕೆನಡಾ ಸರಕಾರವೇ ಜಾನ್ ಹಾರ್ಕರ್ ಎಂಬವರ ನೇತೃತ್ವದಲ್ಲಿ ಕಳುಹಿಸಿದ ವಿಚಾರಣಾ ಮಂಡಳಿಯು, ಎಣ್ಣೆಯ ಉದ್ಯಮವು ಯುದ್ಧವನ್ನು ಉಲ್ಬಣಗೊಳಿಸುತ್ತಿದೆಯೆಂದೂ ಹೆಗ್ಲಿಗ್ ಎಂಬಲ್ಲಿಯ ತೈಲಕ್ಷೇತ್ರದ ವಿಮಾನಪಟ್ಟಿಯನ್ನು ಸೈನ್ಯದ ವಿಮಾನಗಳು ಬಳಸಿದವೆಂದೂ 2000ನೆಯ ಇಸವಿಯಲ್ಲಿ ವರದಿಯನ್ನು ಒಪ್ಪಿಸಿತು. ರಕ್ಷಣೆಗಲ್ಲದ ಕೆಲಸಕ್ಕೂ ಆ ಪಟ್ಟಿಯು ಬಳಕೆಯಾಯಿತೆಂದು ಟ್ಯಾಲಿಸ್ಮನ್ ಕಂಪನಿಯೇ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಅದೇ ವರುಷ ಅಮ್ನೆಸ್ಟಿ ಸಂಸ್ಥೆಯವರೂ, 2001ರಲ್ಲಿ ಕ್ರಿಶ್ಚಿಯನ್ ಏಡ್ ಸಂಸ್ಥೆಯವರೂ ಇದೇ ಸಂಗತಿಯನ್ನು ವಿಸ್ತಾರವಾಗಿ ಬರೆದು ಲೋಕಕ್ಕೆ ತಿಳಿಸಿದರು.

ಇದರ ಫಲವಾಗಿ ಕೆನಡಾದಲ್ಲಿಯೂ ಅಮೇರಿಕದಲ್ಲಿಯೂ ಸಾಮಾನ್ಯ ಜನರು ಎದ್ದರು. ಚರ್ಚುಗಳು ಠರಾವು ಮಾಡಿದವು. ಅಮೇರಿಕದ ಉಪಾಧ್ಯಾಯರ ನಿವೃತ್ತಿ ನಿಧಿಗಳು ತಮ್ಮಲ್ಲಿದ್ದ ಟ್ಯಾಲಿಸ್ಮನ್ ಷೇರುಗಳನ್ನು ಮಾರಿದವು. ನಮ್ಮ ಉಪಾಧ್ಯಾಯ ಬಂಧುಗಳು ಈ ಸಂಗತಿಯನ್ನು ವಿಶೇಷವಾಗಿ ಮನಸ್ಸಿಗೆ ತರಬೇಕೆಂದು ಬೇಡುತ್ತೇವೆ. ಅದರ ವಿಷಯವು ಮುಂದೆ ಬರುವದು. 2001ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಸುಡಾನದ ಪ್ರೆಸ್ಬಿಟೇರಿಯನ್ ಚರ್ಚಿನವರು ಕಂಪನಿಯ ಮೇಲೆ ದಾವೆಯನ್ನು ಹೂಡಿದರು. ಕೊನೆಗೆ ಷೇರುದಾರರು ಬೇಸತ್ತರೆಂದು ಹೇಳಿ ಕಂಪನಿಯು ತನ್ನ ಪಾಲನ್ನು ಮಾರಾಟಕ್ಕಿಟ್ಟಿತು.

ಹೀಗೆ ಲೋಕಾಪವಾದಕ್ಕೆ ಅಂಜಿ ಒಬ್ಬನು ಕೆಳಗಿಳಿಸಿದ ಹೊರೆಯನ್ನು ನಮ್ಮ ಸರಕಾರದ ಕಂಪನಿಯು ಹೆಗಲ ಮೇಲೆ ಏರಿಸಿಕೊಂಡಿತು. ನಾವು ಕೇಳುವ ಪ್ರಶ್ನೆಯು ಇಷ್ಟೇ: ಅನ್ಯಾಯದಿಂದ ತೆರವಾದ ಭೂಮಿಯ ಫಲವನ್ನು, ಅನ್ಯಾಯವು ನಡೆದ ಬಳಿಕ, ಹಣ ಕೊಟ್ಟು ಕೊಂಡವನ ಹೊಣೆಯೇನು?

ಈ ಪ್ರಶ್ನೆಯು ನಮ್ಮ ಸೀಮೆಗೆ ಹೊಸದಲ್ಲ. 1930ರಿಂದ 32ರ ವರೆಗಿನ ಕಾನೂನುಭಂಗದ ಚಳವಳಿಯಲ್ಲಿ ಹಿರೇಕೆರೂರು ತಾಲೂಕಿನಲ್ಲಿಯೂ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳಲ್ಲಿಯೂ ಕರನಿರಾಕರಣೆಯು ನಡೆದದ್ದನ್ನು ಹಿರಿಯರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ. ಆಂಗ್ಲ ಸರಕಾರದವರು ಕಂದಾಯ ಕೊಡದ ರೈತರ ಹೊಲಮನೆಗಳನ್ನು ಜಪ್ತು ಮಾಡಿ ಲಿಲಾವಿಗಿಟ್ಟರು. ಜಪ್ತು ಮಾಡಿದ್ದು ಸರಕಾರವು. ಕೊಂಡವನು ಕಾಯದೆಯ ಪ್ರಕಾರವೇ ಹಣ ಕಟ್ಟಿದ್ದನು. ಅವನ ಕೈಯಲ್ಲಿ ಸರಕಾರದ ಮೊಹರಿನ ಕಾಗದವಿತ್ತು. ಆದಾಗ್ಯೂ ಸಿದ್ದಾಪುರ ತಾಲೂಕಿನ ಹೆಣ್ಣುಮಕ್ಕಳು ಮಾಮಲೇದಾರನ ಕಚೇರಿಯ ಮುಂದೆ ಮಾತ್ರ ನಿಲ್ಲಲಿಲ್ಲ. 1932ರಲ್ಲಿ ಮಾವಿನಗುಂಡಿಯಲ್ಲಿ, ಜಪ್ತಿಯ ಸೊತ್ತನ್ನು ಕೊಂಡವನ ಮನೆಯ ಮುಂದೆಯೇ ಉಪವಾಸ ಕುಳಿತರು. ಓದು ಬರಹದ ಅನುಕೂಲವಿಲ್ಲದ ಅನೇಕ ಹೆಂಗಸರು ಅವರಲ್ಲಿದ್ದರು. ಆದರೂ ಕೊಂಡವನಿಗೆ ಅದು ಯಾರ ಹೊಲವೆಂಬದು ಗೊತ್ತಿತ್ತು, ಆದುದರಿಂದ ಅವನೂ ಹೊಣೆಗಾರನು ಎಂಬ ನ್ಯಾಯಸೂತ್ರವು ಅವರಿಗೆ ತಿಳಿದಿತ್ತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ಸಿನ ಮಂತ್ರಿಮಂಡಲವು ಬಂದ ತರುವಾಯ ಆ ಹೊಲಗಳನ್ನು ಮರಳಿ ಕೊಡಿಸುವ ಏರ್ಪಾಡಾಯಿತು. ಕೊಂಡವರ ಮೊಹರಿನ ಕಾಗದವು ಅದಕ್ಕೆ ಅಡ್ಡ ಬರಲಿಲ್ಲ.

ವಕೀಲಿ ವೃತ್ತಿಯವರಾದ ನಮಗೆ ಈ ಸೂತ್ರವು ದಂಡಸಂಹಿತೆಯಲ್ಲಿಯೂ ಕಾಣುವದು. ಕಳವಿನ ಮಾಲನ್ನು ಕೊಂಡವನ ಮೇಲಿನ ಹಳೆಯ 411ನೆಯ ಕಲಮು 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 317ನೆಯದಾಗಿದೆ. ಅಂಕಿ ಬದಲಾದರೂ ತತ್ತ್ವವು ಬದಲಾಗಿಲ್ಲ: ಮಾಲು ಕಳವಿನದೆಂದು ತಿಳಿದಿದ್ದರೆ, ಅಥವಾ ಹಾಗೆ ನಂಬುವದಕ್ಕೆ ಕಾರಣವಿದ್ದರೆ, ಕೊಂಡವನು ತಪ್ಪಿತಸ್ಥನು. ಈ ಕಲಮು ಸುಡಾನದ ಎಣ್ಣೆಗೆ ನೇರವಾಗಿ ಅನ್ವಯಿಸುವದೆಂದು ನಾವು ಹೇಳುವದಿಲ್ಲ. ಹಾಗೆ ಹೇಳಿದರೆ ಎದುರು ಪಕ್ಷದ ವಕೀಲರು ನಗುವರು. ಆದರೆ 2000 ಮತ್ತು 2001ರ ವರದಿಗಳೆಲ್ಲ ಅಚ್ಚಾಗಿ ಮೇಜಿನ ಮೇಲೆ ಇದ್ದಾಗ, 2003ರಲ್ಲಿ ಪಾಲು ಕೊಂಡವರಿಗೆ ನಂಬುವದಕ್ಕೆ ಕಾರಣವಿರಲಿಲ್ಲವೆಂದು ಯಾವ ನ್ಯಾಯಾಧೀಶರ ಮುಂದೆ ವಾದಿಸುವದು?

ನ್ಯೂಯಾರ್ಕಿನ ದಾವೆಯು ಬಿದ್ದುಹೋಯಿತು. 2009ರ ಅಕ್ಟೋಬರದಲ್ಲಿ ಮೇಲಿನ ನ್ಯಾಯಾಲಯವು, ಕಂಪನಿಗೆ ಅನ್ಯಾಯದ ಅರಿವಿದ್ದರೆ ಸಾಲದು, ಆ ಅನ್ಯಾಯವು ನಡೆಯಲೆಂಬ ಉದ್ದೇಶವೇ ಇರಬೇಕು ಎಂದು ತೀರ್ಪು ಕೊಟ್ಟಿತು. ಹಣವು ಬರಲಿ ಎಂಬುದೊಂದನ್ನು ಬಿಟ್ಟು ಬೇರೆ ಉದ್ದೇಶವುಳ್ಳ ಕಂಪನಿಯು ಈ ಭೂಮಿಯ ಮೇಲೆ ಎಲ್ಲಿದೆ? ಈ ಅಳತೆಗೋಲನ್ನು ಹಿಡಿದರೆ ಯಾವ ಕಂಪನಿಯೂ ಎಂದೂ ಸಿಕ್ಕಿಬೀಳದು. ಸ್ವೀಡನ್ ದೇಶದವರು ಬೇರೆ ದಾರಿಯನ್ನು ಹಿಡಿದಿರುವರು. ಸುಡಾನದ 5ಎ ಎಂಬ ತೈಲಖಂಡದಲ್ಲಿ ಅವರ ದೇಶದ ಲುಂದಿನ್ ಕಂಪನಿಯು ಎಣ್ಣೆಯನ್ನು ಹುಡುಕುತ್ತಿದ್ದ ಕಾಲದಲ್ಲಿ ಅಂದಾಜು 12,000 ಜನರು ಸತ್ತು 1,60,000 ಜನರು ನೆಲೆಗೆಟ್ಟರೆಂದು ಯುರೋಪದ ಸಂಸ್ಥೆಗಳ ಒಂದು ಒಕ್ಕೂಟವು 2010ರಲ್ಲಿ ವರದಿಯನ್ನು ಹೊರಡಿಸಿತು. ಆ ವರದಿಯ ಹೆಸರೇ ತೀರದ ಸಾಲವೆಂದು. ಸರಕಾರಿ ಅಭಿಯೋಜಕರು ಹನ್ನೊಂದು ವರುಷ ತನಿಖೆ ಮಾಡಿ, 2021ರಲ್ಲಿ ಕಂಪನಿಯ ಇಬ್ಬರು ಹಿರಿಯ ಅಧಿಕಾರಿಗಳ ಮೇಲೆ ಯುದ್ಧಾಪರಾಧಕ್ಕೆ ನೆರವಾದ ಆರೋಪವನ್ನು ಹೊರಿಸಿದರು. 2023ರ ಸೆಪ್ಟೆಂಬರ 5ರಂದು ಸ್ಟಾಕಹೋಮಿನಲ್ಲಿ ಖಟ್ಲೆಯು ಆರಂಭವಾಯಿತು. ಆರೋಪಿಗಳು ಆರೋಪವನ್ನು ಅಲ್ಲಗಳೆದಿರುವರು. ತೀರ್ಪು ಯಾವ ಕಡೆಗೆ ಆದರೂ ಆಗಲಿ, ತನ್ನ ದೇಶದ ಶ್ರೀಮಂತನನ್ನು ದೂರದೇಶದ ದನಗಾಹಿಯ ಫಿರ್ಯಾದಿಯ ಮೇಲೆ ಕಟಕಟೆಯಲ್ಲಿ ನಿಲ್ಲಿಸಿದ ಸರಕಾರಕ್ಕೆ ನಾವು ತಲೆಬಾಗುತ್ತೇವೆ.

ವಾಚಕರು ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಲುಂದಿನ್ ಕಂಪನಿಯು ಬಿಟ್ಟುಹೋದ ಅದೇ 5ಎ ಖಂಡದಲ್ಲಿ ಆಸ್ಟ್ರಿಯದ ಕಂಪನಿಯೊಂದಕ್ಕಿದ್ದ ಪಾಲನ್ನು ತರುವಾಯ ಕೊಂಡದ್ದೂ ನಮ್ಮ ಓ.ಎನ್.ಜಿ.ಸಿ. ವಿದೇಶವೇ.

ನಮ್ಮ ಎದುರು ಹೇಳಲ್ಪಡುವ ಮಾತುಗಳನ್ನು ನಾವು ಅರಿಯದವರಲ್ಲ. ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರಬೇಕಾಗಿದೆ. ಎಣ್ಣೆಯು ಸಿಕ್ಕುವ ದೇಶಗಳಲ್ಲಿ ಶಾಂತಿಯುಳ್ಳವು ಕಡಿಮೆ. ನಾವು ಕೊಳ್ಳದಿದ್ದರೆ ಚೀನದವರು ಕೊಳ್ಳುತ್ತಿದ್ದರು. ಮೊದಲಿನ ಎರಡು ನಿಜವು. ಮೂರನೆಯದನ್ನು ಲಿಲಾವಿನಲ್ಲಿ ಹೊಲ ಹಿಡಿದ ಪ್ರತಿಯೊಬ್ಬನೂ ಹೇಳಿರಬೇಕು. ಇನ್ನೊಂದು ಮಾತನ್ನು ಮಾತ್ರ ನಾವು ಆದರದಿಂದ ಕೇಳುತ್ತೇವೆ. ಹಳ್ಳಿಗಳ ತೆರವು ಬಹುಮಟ್ಟಿಗೆ 2003ಕ್ಕಿಂತ ಮೊದಲೇ ನಡೆದಿತ್ತು, 2002ರಲ್ಲಿಯೇ ಸಂಧಾನದ ಮಾತು ಮೊದಲಾಗಿತ್ತು, ಭಾರತದ ಕಂಪನಿಯು ಯಾರ ಮನೆಯನ್ನೂ ಸುಡಲಿಲ್ಲ ಎಂಬ ಮಾತದು. ಸುಟ್ಟಿತೆಂದು ನಾವು ಆಪಾದಿಸುವದಿಲ್ಲ. ನಮ್ಮ ತಕರಾರು ಸುಟ್ಟ ಮನೆಯ ಸಾಲದ ವಿಷಯದ್ದು.

ಆ ಸಾಲಕ್ಕೆ ಲಿಖಿತ ಆಧಾರವಿದೆ. 2004ರ ಜನವರಿಯಲ್ಲಿ ಸುಡಾನದ ಎರಡೂ ಪಕ್ಷದವರು ಸಂಪತ್ತಿನ ಹಂಚಿಕೆಯ ಕರಾರಿಗೆ ಸಹಿ ಹಾಕಿದರು. ಅದು 2005ರ ಜನವರಿ 9ರ ಸಮಗ್ರ ಶಾಂತಿ ಒಡಂಬಡಿಕೆಯ ಭಾಗವಾಯಿತು. ಎಣ್ಣೆಯ ಕರಾರುಗಳಿಂದ ಹಕ್ಕು ಭಂಗವಾದವರು ಪರಿಹಾರಕ್ಕೆ ಅರ್ಹರೆಂದೂ, ಭಂಗವು ಕಾಯದೆಯ ರೀತಿಯಲ್ಲಿ ಸಿದ್ಧವಾದರೆ ಆ ಕರಾರುಗಳ ಪಕ್ಷಗಾರರೇ ಪರಿಹಾರ ಕೊಡಲು ಬಾಧ್ಯರೆಂದೂ ಅದರಲ್ಲಿ ಬರೆದಿದೆ. ಕರಾರುಗಳ ಪಕ್ಷಗಾರರೆಂದರೆ ಸುಡಾನ ಸರಕಾರವೊಂದೇ ಅಲ್ಲ, ಎಣ್ಣೆ ತೆಗೆಯುವ ಕಂಪನಿಗಳೂ ಹೌದು. ಸಹಿ ಬಿದ್ದ ಕಾಲಕ್ಕೆ ನಮ್ಮ ಕಂಪನಿಯು ಆ ಕೂಟದಲ್ಲಿ ಕಾಲುಭಾಗದ ಒಡೆಯನಾಗಿತ್ತು. ಕೊಳ್ಳುವಾಗ ಹೊಲದ ಮೇಲಿನ ಭೋಜಾವನ್ನು ನೋಡಿಕೊಳ್ಳಬೇಕೆಂಬದು ಹಾನಗಲ್ಲಿನ ಸಬ್‌ರಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿದ ಪ್ರತಿಯೊಬ್ಬ ರೈತನಿಗೂ ಗೊತ್ತು. ಭೋಜಾವು ಹೊಲದ ಜೊತೆಗೆ ಬರುವದು.

ಈ ಭೋಜಾವನ್ನು ತೀರಿಸುವದಕ್ಕಾಗಿ ಏನು ಮಾಡಲಾಯಿತೆಂದು ನಮ್ಮ ಸರಕಾರವು ತನ್ನ ಪ್ರಜೆಗಳಿಗೆ ಲೆಕ್ಕ ಒಪ್ಪಿಸಬೇಕು. ತನಗೆ ಬರಬೇಕಾದ ಹಣದ ವಿಷಯದಲ್ಲಿಯಾದರೋ ಕಂಪನಿಯು ಸುಮ್ಮನೆ ಕೂಡ್ರಲಿಲ್ಲ. ಖಾರ್ತೂಮಿನಿಂದ ಬಂದರದ ವರೆಗೆ 741 ಕಿಲೋಮೀಟರಿನ ಇನ್ನೊಂದು ಕೊಳವೆಯನ್ನು ಅದು ಕಟ್ಟಿಕೊಟ್ಟಿತ್ತು. ಅದರ ಬಾಕಿಯನ್ನು ಸುಡಾನ ಸರಕಾರವು ಕೊಡದಿದ್ದಾಗ 2018ರ ವೇಳೆಗೆ ಲಂಡನ್ನಿನ ಪಂಚಾಯತಿ ನ್ಯಾಯಕ್ಕೆ ಹೋಯಿತು. ಅದು ತಪ್ಪಲ್ಲ, ಸಾರ್ವಜನಿಕರ ಹಣವನ್ನು ಬಿಡಬಾರದು. ಆದರೆ ಕೊಳವೆಯ ಬಾಕಿಗೆ ಲಂಡನ್ನಿನಲ್ಲಿ ಬಾಗಿಲುಂಟು, ಬೆಂತಿಯು ಕಡೆಯಿಂದ ಓಡಿದ ಹೆಣ್ಣುಮಗಳು ಬಡಿಯತಕ್ಕ ಬಾಗಿಲು ದಿಲ್ಲಿಯಲ್ಲಿ ಇಲ್ಲ. ಮಂಗಳೂರಿನ ಕಾರಖಾನೆಗೆ ಭೂಮಿ ಕಳೆದುಕೊಂಡ ಕುತ್ತೆತ್ತೂರು ಕಡೆಯ ಒಕ್ಕಲಿಗರ ದುಃಖವು ಸಣ್ಣದಲ್ಲ. ಆದರೂ ಅಂಥವರಿಗೆ ನೋಟೀಸು ಕೊಡಬೇಕೆಂಬ ಕಾಯದೆಯಿತ್ತು, ಪರಿಹಾರವು ಸಾಲದೆಂದು ಕೋರ್ಟಿಗೆ ಹೋಗುವ ದಾರಿಯಿತ್ತು. ಅದೇ ಕಾರಖಾನೆಗೆ ಎಣ್ಣೆಯನ್ನು ಕೊಟ್ಟ ಭೂಮಿಯವರಿಗೆ ನೋಟೀಸು ಬಂದದ್ದು ಹೆಲಿಕಾಪ್ಟರಿನಿಂದ.

ಸರಕಾರದ ಹೊಣೆಯು ಕಂಪನಿಯದಕ್ಕಿಂತ ದೊಡ್ಡದು. ಕಂಪನಿಯು ಲಾಭಕ್ಕಾಗಿ ಹುಟ್ಟಿದ್ದು; ಸರಕಾರವು ಹಾಗಲ್ಲ. ಇಲ್ಲಿ ಒಡೆಯನೂ ಸರಕಾರ, ಅಪ್ಪಣೆ ಕೊಟ್ಟದ್ದೂ ಸರಕಾರ, ತಪ್ಪಾದರೆ ವಿಚಾರಿಸಬೇಕಾದದ್ದೂ ಸರಕಾರ. 1960ರ ಜಿನೀವಾ ಒಪ್ಪಂದಗಳ ಕಾಯದೆಯು ನಮ್ಮಲ್ಲಿದೆ. ದೇಶದ ಹೊರಗೆ ನಡೆದ ಘೋರ ಯುದ್ಧಾಪರಾಧಗಳನ್ನೂ ಶಿಕ್ಷಿಸಲು ಅದರಲ್ಲಿ ಅವಕಾಶವುಂಟು. ಆದರೆ ಸರಕಾರದ ಕಡೆಯಿಂದ ಫಿರ್ಯಾದಿಯಾಗದ ಹೊರತು ನ್ಯಾಯಾಲಯವು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. (ಅಂತರ್ಯುದ್ಧಕ್ಕೆ ಆ ಕಾಯದೆಯು ಎಷ್ಟರ ಮಟ್ಟಿಗೆ ತಟ್ಟುವದೆಂಬದು ಬೇರೆಯೇ ತಕರಾರು.) 2011ರಲ್ಲಿ ವಿಶ್ವಸಂಸ್ಥೆಯ ಮಾನವಹಕ್ಕು ಮಂಡಳಿಯು ಉದ್ಯಮ ಮತ್ತು ಮಾನವಹಕ್ಕುಗಳ ತತ್ತ್ವಗಳನ್ನು ಸ್ವೀಕರಿಸಿತು. ಯುದ್ಧದ ನಾಡಿನಲ್ಲಿ ವ್ಯವಹರಿಸುವ ಕಂಪನಿಗಳ ವಿಷಯದಲ್ಲಿ, ಅದರಲ್ಲಿಯೂ ಸರಕಾರದ ಒಡೆತನದ ಕಂಪನಿಗಳ ವಿಷಯದಲ್ಲಿ, ಸರಕಾರಗಳು ಇಮ್ಮಡಿ ಎಚ್ಚರದಿಂದಿರಬೇಕೆಂದು ಅವು ಹೇಳುವವು. ಅದೇ ವರುಷ ನಮ್ಮ ಕೇಂದ್ರ ಸರಕಾರವು ಹೊರಡಿಸಿದ ಹೊಣೆಗಾರಿಕೆಯ ಸೂಚನೆಗಳಾದರೋ ಸ್ವಯಂಪ್ರೇರಿತವಾದವು. ಪಾಲಿಸಿದರೆ ಪಾಲಿಸಿದಂತೆ, ಬಿಟ್ಟರೆ ಬಿಟ್ಟಂತೆ.

ಯುದ್ಧವು ಅಲ್ಲಿಗೆ ಮುಗಿಯಿತೇ? 2011ರ ಜುಲೈ 9ರಂದು ದಕ್ಷಿಣ ಸುಡಾನವು ಸ್ವತಂತ್ರವಾಯಿತು. ಎಣ್ಣೆಯ ಬಾವಿಗಳು ಬಹುಪಾಲು ದಕ್ಷಿಣಕ್ಕೂ ಕೊಳವೆಯು ಉತ್ತರಕ್ಕೂ ಉಳಿದವು. 2013ರ ಡಿಸೆಂಬರದಲ್ಲಿ ದಕ್ಷಿಣದಲ್ಲಿಯೇ ಅಂತರ್ಯುದ್ಧವು ಆರಂಭವಾಯಿತು. 2018ರ ಮಾರ್ಚದಲ್ಲಿ ಅಮೇರಿಕದವರು ದಕ್ಷಿಣ ಸುಡಾನದ 15 ತೈಲಸಂಸ್ಥೆಗಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದರು. ನಮ್ಮ ಕಂಪನಿಯು ಪಾಲುಗಾರನಾಗಿದ್ದ ಗ್ರೇಟರ್ ಪಯೊನಿಯರ್ ಕೂಟವೂ ಅದರಲ್ಲಿತ್ತು. ಈ ನಡುವೆ ಅದೇ ನೆಲದಲ್ಲಿ ಶಾಂತಿಪಾಲನೆಗಾಗಿ ನಮ್ಮ ಸೈನಿಕರೂ ಇದ್ದರು. 2013ರ ಏಪ್ರಿಲ್ ತಿಂಗಳಲ್ಲಿ ಜೊಂಗ್ಲೆಯಿ ಪ್ರಾಂತದಲ್ಲಿ ಐವರು ಒಂದೇ ದಿನ ಹತರಾದರು. ಒಂದೇ ಧ್ವಜದ ಕೆಳಗೆ ಎಣ್ಣೆಯನ್ನು ಕೊಳ್ಳುವವರೂ, ಎಣ್ಣೆಯ ಹಣದಿಂದ ಬಂದ ಬಂದೂಕುಗಳ ಮುಂದೆ ನಿಲ್ಲುವವರೂ! 2023ರ ಏಪ್ರಿಲ್ 15ರಂದು ಉತ್ತರದಲ್ಲಿ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧವು ಹತ್ತಿತು. ಆಗ ಅಲ್ಲಿ ಸಿಕ್ಕಿಕೊಂಡವರಲ್ಲಿ ನಮ್ಮ ನೆರೆಯ ದಾವಣಗೆರೆ, ಶಿವಮೊಗ್ಗ, ಅತ್ತ ಮೈಸೂರು ಕಡೆಯ ಹಕ್ಕಿಪಿಕ್ಕಿ ಜನರೂ ಇದ್ದರು. ಗಿಡಮೂಲಿಕೆಯ ಎಣ್ಣೆಯನ್ನು ಮಾರಲು ಹೋದ ಬಡವರವರು. ಸರಕಾರವು ಕಾವೇರಿಯ ಹೆಸರನ್ನಿಟ್ಟ ಕಾರ್ಯಾಚರಣೆಯಲ್ಲಿ 3,862 ಭಾರತೀಯರನ್ನು ಕರೆತಂದಿತು, ಅದಕ್ಕಾಗಿ ಅಭಿನಂದಿಸುತ್ತೇವೆ. ಬರಲಾಗದ ಸುಡಾನದವರು ಅಲ್ಲಿಯೇ ಉಳಿದರು. 2025ರ ಡಿಸೆಂಬರದಲ್ಲಿ ಹೆಗ್ಲಿಗ್ ತೈಲಕ್ಷೇತ್ರವೇ ಅರೆಸೇನಾ ಪಡೆಯ ವಶವಾಯಿತು.

ಇನ್ನು ಉಪಾಧ್ಯಾಯರ ವಿಷಯ. ಓ.ಎನ್.ಜಿ.ಸಿ.ಯ ಷೇರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸರಕಾರದ್ದು, ಮತ್ತೊಂದು ದೊಡ್ಡ ಪಾಲು ಜೀವವಿಮಾ ನಿಗಮದ್ದು. 2012ರ ಮಾರ್ಚದಲ್ಲಿ ಸರಕಾರವು ಷೇರುಗಳನ್ನು ಲಿಲಾವಿಗಿಟ್ಟಾಗ ಬಹುಪಾಲನ್ನು ಕೊಂಡದ್ದು ನಿಗಮವೇ. ಸಂಬಳದಲ್ಲಿ ಪ್ರತಿ ತಿಂಗಳು ವಿಮೆಯ ಕಂತು ಕಟ್ಟುವ ಶಾಲಾಮಾಸ್ತರರು ಹಾಗಾದರೆ ಈ ವ್ಯವಹಾರದ ಹೊರಗಿನವರಲ್ಲ. ಅಮೇರಿಕದ ಉಪಾಧ್ಯಾಯರಂತೆ ಷೇರು ಮಾರಿರೆಂದು ನಾವು ಹೇಳುವದಿಲ್ಲ. ಮಾರಿದರೆ ಮತ್ತೊಬ್ಬನು ಕೊಳ್ಳುವನು, ಕೆನಡಾದವರು ಮಾರಿದ್ದನ್ನು ನಾವೇ ಕೊಂಡೆವಲ್ಲ. ಒಡೆಯರಾಗಿ ಉಳಿದು ಲೆಕ್ಕ ಕೇಳುವದು ಮೇಲು.

ಹಾನಗಲ್ಲ, ಹಿರೇಕೆರೂರಿನವರು ಹಾವೇರಿಯ ಲೋಕಸಭಾ ಸದಸ್ಯರನ್ನೂ, ಶಿಗ್ಗಾಂವಿ ಸವಣೂರು ಕಡೆಯವರು ಧಾರವಾಡದ ಸದಸ್ಯರನ್ನೂ ಆರಿಸುವರು. ಅಂದರೆ ನಮ್ಮ ನಾಲ್ಕು ತಾಲೂಕುಗಳಿಗೆ ಸಂಸತ್ತಿನಲ್ಲಿ ಎರಡು ಬಾಯಿಗಳಿವೆ. ಯುದ್ಧದ ನಾಡಿನಲ್ಲಿ ಸರಕಾರಿ ಕಂಪನಿಯು ಹಣ ಹೂಡುವ ಮುಂಚೆ ಅಲ್ಲಿಯ ಜನರ ಸ್ಥಿತಿಯ ಬಗ್ಗೆ ಸ್ವತಂತ್ರ ವಿಚಾರಣೆ ನಡೆದು ಅದರ ವರದಿಯು ಸದನದ ಮುಂದೆ ಬರತಕ್ಕದ್ದೆಂಬ ಕಾಯದೆಯನ್ನು ಅವರು ಕೇಳಲಿ. ಬ್ರಹ್ಮದೇಶದ ಶ್ವೇ ಅನಿಲಕ್ಷೇತ್ರದಲ್ಲಿಯೂ ನಮ್ಮ ಸರಕಾರಿ ಕಂಪನಿಗಳು ಹಣ ಹೂಡಿರುವದರಿಂದಲೂ, ಅಲ್ಲಿ 2021ರಲ್ಲಿ ಸೈನ್ಯವು ಅಧಿಕಾರವನ್ನು ಕಸಿದುಕೊಂಡದ್ದರಿಂದಲೂ ಇದು ಹಳೆಯ ಕತೆಯ ಮಾತಲ್ಲ.

ಸದಸ್ಯರು ಕೇಳುವ ವರೆಗೆ ಕಾಯಬೇಕಾಗಿಯೂ ಇಲ್ಲ. ಓ.ಎನ್.ಜಿ.ಸಿ. ವಿದೇಶವು ಸಾರ್ವಜನಿಕ ಸಂಸ್ಥೆಯಾದುದರಿಂದ 2005ರ ಮಾಹಿತಿ ಹಕ್ಕಿನ ಕಾಯದೆಗೆ ಒಳಪಟ್ಟಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿನೊಡನೆ ಯಾವ ನಾಗರಿಕನಾದರೂ ಅರ್ಜಿ ಹಾಕಬಹುದು. ಉತ್ತರಕ್ಕೆ ಮೂವತ್ತು ದಿನದ ಗಡುವು. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: 2003ರಲ್ಲಿ ಪಾಲು ಕೊಳ್ಳುವ ಮುಂಚೆ ಕೆನಡಾದ ವರದಿಯನ್ನು ಕಂಪನಿಯು ಪರಿಶೀಲಿಸಿತ್ತೇ, ಕಾವಲಿನ ಹೆಸರಿನಲ್ಲಿ ಆ ದೇಶಗಳ ಸೈನ್ಯಕ್ಕೆ ಹಣವನ್ನಾಗಲಿ ವಾಹನ ವಿಮಾನಪಟ್ಟಿಗಳನ್ನಾಗಲಿ ಕೊಟ್ಟಿತ್ತೇ, ಶಾಂತಿ ಕರಾರಿನಲ್ಲಿ ಹೇಳಿದ ಪರಿಹಾರಕ್ಕಾಗಿ ಎಷ್ಟು ಹಣವನ್ನು ತೆಗೆದಿರಿಸಿತು. ವ್ಯಾಪಾರದ ಗುಟ್ಟು ಎಂದು ಎಂಟನೆಯ ಕಲಮನ್ನು ಮುಂದಿಟ್ಟು ನಿರಾಕರಿಸುವ ಸಂಭವವುಂಟು. ಹಾಗಾದರೆ ಸಾರ್ವಜನಿಕ ಹಿತವು ಗುಟ್ಟಿಗಿಂತ ಹಿರಿದಾದಲ್ಲಿ ಮಾಹಿತಿಯನ್ನು ಕೊಡತಕ್ಕದ್ದೆಂದು ಅದೇ ಕಲಮಿನಲ್ಲಿರುವದನ್ನು ತೋರಿಸಿ ಮೇಲ್ಮನವಿಗೆ ಹೋಗಬೇಕು. ಅರ್ಜಿಯ ಮಸುದೆಯನ್ನು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಬಂದ ಉತ್ತರವನ್ನು, ಅದು ನಿರಾಕರಣೆಯಾಗಿದ್ದರೂ, ವಾಚಕರು ನಮಗೆ ಕಳುಹಿಸಿಕೊಟ್ಟರೆ ಇದೇ ಪುಟದಲ್ಲಿ ಅಚ್ಚು ಹಾಕುವೆವು.